ಉಳ್ಳಾಗಡ್ಡಿ ಹಿಡಿದ ಹುಡುಗಿಗೊಂದು ಕಾಲೇಜು

ಹೊಸದಾಗಿ ಹೈಸ್ಕೂಲು ಸೇರಿದ ಶಿಕ್ಷಕಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಪಾಠಟಿಪ್ಪಣಿ ಹೇಗೆ ಬರೆಯುತ್ತಿದ್ದಿರಿ, ಗದ್ದಲ ಮಾಡುವ ತರಗತಿಯನ್ನು ಹೇಗೆ ಸಂಭಾಳಿಸುತ್ತಿದ್ದಿರಿ ಎಂದು ಕೇಳುತ್ತಾರೆ. ಅದೆಲ್ಲ ಒಂದೆರಡು ವರ್ಷದಲ್ಲಿ ತಾನಾಗಿ ಬರುತ್ತದೆ. ಯಾವ ತರಬೇತಿಯಲ್ಲೂ ಹೇಳಿಕೊಡದ ಕೆಲಸ ಬೇರೆಯೇ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ತಂದೆಯೋ ತಾಯಿಯೋ ಮಗಳನ್ನು ಕರೆದುಕೊಂಡು ಬಂದು, ಜಗಲಿಯ ತುದಿಗೆ ಕೂತು, "ಮುಂದ ಏನ್ ಓದಸೋಣ್ರಿ ಅಕ್ಕೋರೆ?" ಎನ್ನುತ್ತಾರಲ್ಲ, ಅದಕ್ಕೆ ಉತ್ತರ ಕೊಡುವ ಕೆಲಸ. ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ನನಗೆ ಹೆಚ್ಚು ಬೆವರಿಳಿಸಿದ್ದೂ, ಹೆಚ್ಚು ನಗಿಸಿದ್ದೂ ಅದೇ.

ನಾನು ಕೂಡ್ಲಿಗಿಯಲ್ಲಿ ಕನ್ನಡ, ಸಮಾಜ ಎರಡನ್ನೂ ಕಲಿಸುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುವವರೆಗೆ ಆ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿತ್ತು. ಹೆಡ್‌ಮಾಸ್ಟರು ವೀರಭದ್ರಪ್ಪನವರು ಅಂಕಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದು, ಸಂತೆಯಲ್ಲಿ ಮೆಣಸಿನಕಾಯಿ ಆರಿಸಿದಂತೆ ಮಕ್ಕಳನ್ನು ಆರಿಸಿ ಬೇರೆಬೇರೆ ಮಾಡುತ್ತಿದ್ದರು. ಫಸ್ಟ್ ಕ್ಲಾಸಾದರೆ ಸೈನ್ಸು, ಸೆಕೆಂಡ್ ಕ್ಲಾಸಾದರೆ ಕಾಮರ್ಸು, ಹೇಗೋ ಪಾಸಾದವರಿಗೆ ಆರ್ಟ್ಸು. ಅವರೇನು ಕಠಿಣ ಮನುಷ್ಯರಲ್ಲ. ನಮ್ಮ ಶಾಲೆಯಲ್ಲಿ ಓದಿದವಳೊಬ್ಬಳು ಡಾಕ್ಟರಮ್ಮನಾಗಿ ಇದೇ ಊರಿನ ಆಸ್ಪತ್ರೆಗೆ ಬರಬೇಕೆಂಬುದು ಅವರ ಬಹುದಿನದ ಆಸೆ. ನಾನೂ ಅವರ ಲೆಕ್ಕಕ್ಕೆ ತಲೆಯಾಡಿಸಿಕೊಂಡೇ ಇದ್ದೆ. ಆ ಲೆಕ್ಕ ತಲೆಕೆಳಗಾದದ್ದು ಮೆಹರುನ್ನೀಸಾ ಎಂಬ ಹುಡುಗಿಯಿಂದ.

ಮೆಹರು ಲಾರಿ ಮೆಕ್ಯಾನಿಕ್ ಬಾಷಾಸಾಬರ ಮಗಳು. ಹೆದ್ದಾರಿಯ ಪಕ್ಕದಲ್ಲಿ ಅವರ ವರ್ಕ್‌ಶಾಪು, ಹಿಂದುಗಡೆಯೇ ಮನೆ. ಎಲ್ಲೆಲ್ಲಿಂದಲೋ ಬಂದ ಡ್ರೈವರುಗಳು ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತ ಮಾತಾಡುತ್ತಿದ್ದರು. ಈ ಹುಡುಗಿ ಪರದೆಯ ಹಿಂದೆ ಕೂತು ಬರೀ ಮಾತು ಕೇಳಿ, ಇವನು ಅನಂತಪುರದವನು, ಇವನು ಬಿಜಾಪುರದ ಕಡೆಯವನು ಎಂದು ತಾಯಿಗೆ ಹೇಳುತ್ತಿದ್ದಳು. ಬಾಷಾಸಾಬರು ಅದರ ಮೇಲೆ ಚಹಾದ ಪಂಥ ಕಟ್ಟಿ ಗೆಲ್ಲುತ್ತಿದ್ದರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು.

ನನಗೆ ಮೊದಲು ಗೊತ್ತಾದದ್ದು ಅವಳ ಪ್ರಶ್ನೆಗಳು. ಎಂಟನೆಯ ತರಗತಿಯ ಪಾಠವೊಂದರಲ್ಲಿ 'ಈರುಳ್ಳಿ' ಎಂಬ ಪದ ಬಂತು. ಈರುಳ್ಳಿ ಎಂದರೆ ನಮ್ಮ ಉಳ್ಳಾಗಡ್ಡಿ ಎಂದು ನಾನು ಹೇಳಿ ಮುಂದೆ ಹೋದೆ. ಅವಳು ಎದ್ದು ನಿಂತಳು. ದಾವಣಗೆರೆಯಲ್ಲಿ ಈರುಳ್ಳಿ, ಇಲ್ಲಿ ಉಳ್ಳಾಗಡ್ಡಿ. ಹಾಗಾದರೆ ನಡುವೆ ಯಾವ ಊರಿನಲ್ಲಿ ಹೆಸರು ಬದಲಾಗುತ್ತದೆ ಎಂದು ಕೇಳಿದಳು. ಇಡೀ ತರಗತಿ ನಕ್ಕಿತು. ನನಗೆ ಗೊತ್ತಿಲ್ಲ ಎಂದೆ. "ಯಾರಿಗೆ ಗೊತ್ತಿರ್ತೈತ್ರಿ?" ಎಂದಳು. ಅದೂ ಗೊತ್ತಿಲ್ಲ ಎಂದೆ. ಆವತ್ತಿನಿಂದ ಎರಡು ವರ್ಷ, ಹರಪನಹಳ್ಳಿ ಕಡೆ ಹೋಗಿ ಬಂದವರು ಯಾರೇ ಸಿಗಲಿ, ಹಿಡಿದು ನಿಲ್ಲಿಸಿ ಕೇಳುತ್ತಿದ್ದಳು. ಗೆಳತಿಯರು ಅವಳಿಗೆ 'ಉಳ್ಳಾಗಡ್ಡಿ ಮೆಹರು' ಎಂದು ಹೆಸರಿಟ್ಟರು. ಅವಳಿಗೆ ಬೇಜಾರಾಗಲಿಲ್ಲ. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಹೀಗೆ ಕೇಳುತ್ತ ನಿಂತು ತಾಯಿಯಿಂದ ತಪ್ಪಿಸಿಕೊಂಡು, ಕೊನೆಗೆ ಗಡಿಗೆ ಮಾರುವವಳ ಪಕ್ಕದಲ್ಲಿ ಸಿಕ್ಕಿದಳೆಂದು ಅವಳಮ್ಮ ನನಗೆ ದೂರು ಹೇಳಿದ್ದರು.

ಎಂಬತ್ತರ ದಶಕದ ಶುರುವಿನಲ್ಲಿ ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ಫಸ್ಟ್ ಕ್ಲಾಸು. ವೀರಭದ್ರಪ್ಪನವರಿಗೆ ತಮ್ಮ ಡಾಕ್ಟರಮ್ಮ ಸಿಕ್ಕಷ್ಟು ಸಂತೋಷವಾಯಿತು. ಬಳ್ಳಾರಿಗೆ ಕಳಿಸಿ ಸೈನ್ಸು ಕೊಡಿಸಿ ಎಂದು ಬಾಷಾಸಾಬರಿಗೆ ಹೇಳಿಬಿಟ್ಟರು. ಬಾಷಾಸಾಬರು ಮರುದಿನ ನಮ್ಮ ಜಗಲಿಗೆ ಬಂದರು. ಜೊತೆಗೆ ಮಗಳು.

"ಇಕಿ ಸೈನ್ಸ್ ಬ್ಯಾಡ ಅಂತಾಳ್ರಿ. ಮಾತಿನ ಬಗ್ಗೆ ಓದಬೇಕಂತ. ಮಾತಿನ ಬಗ್ಗೆ ಓದೋದು ಏನಿರ್ತೈತ್ರಿ? ಹೊಸಪೇಟ್ಯಾಗ ನನ್ನ ಅಕ್ಕ ಒಂದು ಗಂಡು ನೋಡ್ಯಾಳ. ಓದಿದ್ರ ಉಪಯೋಗ ಇರೋದು ಓದ್ಲಿ, ಇಲ್ಲಾಂದ್ರ ನಿಕಾ ಮಾಡಿಬಿಡ್ತೀವ್ರಿ."

ಮೆಹರು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಂದು ತಿಂಗಳು ಟೈಮು ಕೊಡಿ, ಇವಳಿಗೆ ತಕ್ಕ ಕಾಲೇಜು ಹುಡುಕುತ್ತೇನೆ ಎಂದುಬಿಟ್ಟೆ. ಅಂಥ ಕಾಲೇಜು ಇದೆಯೋ ಇಲ್ಲವೋ ನನಗೇ ತಿಳಿದಿರಲಿಲ್ಲ.

ನನ್ನ ಜೊತೆ ಬಿ.ಎ. ಓದಿದ ಗೆಳತಿಯೊಬ್ಬಳು ಬಳ್ಳಾರಿಯಲ್ಲಿದ್ದಳು. ಐಚ್ಛಿಕ ಕನ್ನಡ ತೆಗೆದುಕೊಂಡರೆ ಮುಂದೆ ಡಿಗ್ರಿಯಲ್ಲಿ ಭಾಷಾಶಾಸ್ತ್ರ ಅಂತ ಒಂದು ಪತ್ರಿಕೆ ಬರುತ್ತದೆ, ಮಾತು ಹೇಗೆ ಬದಲಾಗುತ್ತದೆ ಎಂಬುದೆಲ್ಲ ಅದರಲ್ಲಿದೆ ಎಂದಳು. ಸರಿ, ಮೆಹರುವನ್ನು ಕರೆದುಕೊಂಡು ಅಲ್ಲಿನ ಒಂದು ದೊಡ್ಡ ಕಾಲೇಜಿಗೆ ಹೋದೆ. ಗುಮಾಸ್ತರು ಅಂಕಪಟ್ಟಿ ನೋಡಿ ಸೈನ್ಸಿನ ಅರ್ಜಿ ಕೊಟ್ಟರು. ಆರ್ಟ್ಸು ಬೇಕು ಎಂದಾಗ ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ದನಿ ತಗ್ಗಿಸಿ, "ಯಾಕ್ರಿ, ಮಗೀಗೆ ಆರಾಮಿಲ್ಲೇನು?" ಎಂದು ಕೇಳಿದರು.

ಒಂದು ತರಗತಿಯಲ್ಲಿ ಕೂರಲು ಅನುಮತಿ ಸಿಕ್ಕಿತು. ದೊಡ್ಡ ಹಾಲು, ಕಿಟಕಿಯವರೆಗೂ ಹುಡುಗರು. ಉಪನ್ಯಾಸಕರು ನೋಟ್ಸು ಹೇಳುತ್ತಿದ್ದರು, ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಮೆಹರು ನಡುವೆ ಎದ್ದು ಏನೋ ಕೇಳಿದಳು. ಅವರು ಒಳ್ಳೆಯ ಮಾತಿನಲ್ಲೇ, ಆಮೇಲೆ ಕೇಳು ಎಂದರು. ಗಂಟೆ ಹೊಡೆದ ಮೇಲೆ ಅವರಿಗೆ ಇನ್ನೊಂದು ಅಷ್ಟೇ ದೊಡ್ಡ ತರಗತಿ ಕಾಯುತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ಅವಳು, "ಅಷ್ಟು ಮಂದಿ ಅದಾರ, ಯಾರೂ ಏನೂ ಕೇಳಂಗಿಲ್ಲಲ್ರಿ" ಎಂದಳು. ಅಷ್ಟರಲ್ಲಿ ನನಗೂ ತಿಳಿದಿತ್ತು, ಇವಳಿಗೆ ಬೇಕಾದದ್ದು ಸಣ್ಣ ಕಾಲೇಜು. ಕೇಳಿದರೆ ಯಾರಾದರೂ ತಿರುಗಿ ನೋಡುವಷ್ಟು ಸಣ್ಣದು.

ಮುಂದಿನ ವಾರ ಅಂಥದ್ದೊಂದು ಕಾಲೇಜು ನೋಡಲು ಹರಪನಹಳ್ಳಿಗೆ ಹೊರಟೆವು. ಬಸ್ಸು ಕೊಟ್ಟೂರಿನ ಮೇಲೆ ಹೋಗುತ್ತದೆ. ಮೆಹರು ಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದು ಕೈಯಲ್ಲಿ ಹಿಡಿದು ಕೂತಳು. ಬಸ್ಸು ನಿಂತಲ್ಲೆಲ್ಲ ಕಿಟಕಿಯಿಂದ ಕೈ ಹೊರಗೆ ಚಾಚಿ, ನಿಂತವರಿಗೆ ಅದನ್ನು ತೋರಿಸಿ ಇದಕ್ಕೆ ಏನಂತೀರಿ ಎಂದು ಕೇಳತೊಡಗಿದಳು. ಒಬ್ಬ ಹೆಂಗಸು ಮಾರುವುದಕ್ಕೆ ತಂದಿದ್ದಾಳೆಂದು ತಿಳಿದು ಚೌಕಾಸಿ ಶುರು ಮಾಡಿದಳು. ಕಂಡಕ್ಟರು ಬಂದು, ಇದು ಬಸ್ಸೋ ತರಕಾರಿ ಅಂಗಡಿಯೋ ಎಂದು ನನ್ನನ್ನೇ ಗದರಿದರು. ನಾನು ಶಿಕ್ಷಕಿ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆಗ ಹಿಂದಿನ ಸೀಟಿನಿಂದ ಯಾರೋ ನಕ್ಕರು. ತೆಳ್ಳಗಿನ, ಜೋಳಿಗೆ ಹಾಕಿಕೊಂಡ ಮಧ್ಯವಯಸ್ಸಿನವರು.

"ಕೈಲಿ ಹಿಡ್ಕೊಂಡು ತೋರಿಸ್ತೀಯಲ್ಲ, ಅದು ಸರಿ ಕಣಮ್ಮ. ಉಳ್ಳಾಗಡ್ಡಿಗೆ ಏನಂತೀರಿ ಅಂತ ಕೇಳಿದ್ರೆ ಅವ್ರೂ ಅದನ್ನೇ ಹೇಳ್ಬುಡ್ತಾರೆ. ಯಾರು ಹೇಳ್ಕೊಟ್ರು ನಿಂಗೆ?"

ಮೆಹರು ಯಾರೂ ಹೇಳಿಕೊಟ್ಟಿಲ್ಲ ಎಂದಳು. ಆಮೇಲೆ ಅವರನ್ನು ದಿಟ್ಟಿಸಿ ನೋಡಿ, "ನೀವು ಮಂಡ್ಯದ ಕಡಿಯವ್ರೇನ್ರಿ?" ಎಂದು ಕೇಳಿದಳು.

ಅವರು ಎದ್ದು ಬಂದು ನಮ್ಮ ಸೀಟಿನ ಕಂಬಿ ಹಿಡಿದು ನಿಂತರು. ಹೆಸರು ಪುಟ್ಟಸ್ವಾಮಿ, ಮಂಡ್ಯದವರೇ. ಕೊಟ್ಟೂರಿನಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಪುಟ್ಟ ಆರ್ಟ್ಸ್ ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕರು. ಹುಡುಗರು ನನ್ನ ಕನ್ನಡ ಕೇಳಿ ನಗ್ತಾರೆ, ಇವಳು ಊರು ಹೇಳ್ತಾಳಲ್ಲ ಎಂದು ಅವರಿಗೆ ಖುಷಿಯೋ ಖುಷಿ. ಕೊಟ್ಟೂರು ಬರುವವರೆಗೂ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಕೊಟ್ಟೂರಿನಲ್ಲಿ ಅವರು ಇಳಿದರು, ಅವರ ಹಿಂದೆ ಮೆಹರು ಇಳಿದಳು, ಅವಳ ಹಿಂದೆ ನಾನು ಇಳಿದೆ. ಹರಪನಹಳ್ಳಿಯ ಟಿಕೆಟ್ಟು ನನ್ನ ಕೈಯಲ್ಲೇ ಇತ್ತು.

ಆ ಕಾಲೇಜು ಈಗಿಲ್ಲ. ಆಗ ಅದು ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಹತ್ತಿ ಗಿರಣಿಯಲ್ಲಿ. ಹತ್ತಿ ಬಿಡಿಸುತ್ತಿದ್ದ ಹಾಲಿನಲ್ಲಿ ಬಿದಿರಿನ ತಟ್ಟಿ ಕಟ್ಟಿ ಕೋಣೆಗಳನ್ನು ಮಾಡಿದ್ದರು. ತೊಲೆಗಳ ಸಂದಿಯಲ್ಲಿ ಹಳೆಯ ಹತ್ತಿ ಸಿಕ್ಕಿಕೊಂಡಿತ್ತು, ಗಾಳಿ ಬೀಸಿದರೆ ಇತಿಹಾಸದ ತರಗತಿಯೆಲ್ಲ ಸೀನುತ್ತಿತ್ತು. ವಿದ್ಯಾರ್ಥಿಗಳು ಬೆರಳೆಣಿಕೆ. ಆದರೆ ಹುಡುಗನೊಬ್ಬ ಎದ್ದು ಮೇಷ್ಟ್ರ ಜೊತೆ ವಾದ ಮಾಡುತ್ತಿದ್ದ, ಮೇಷ್ಟ್ರು ನಿಂತು ಕೇಳುತ್ತಿದ್ದರು. ಮೆಹರು ಕೊನೆಯ ಬೆಂಚಿನಲ್ಲಿ ಕೂತಳು. ಸಂಜೆ ಬಸ್ಸಿಗೆ ಹೊತ್ತಾಯಿತು ಎಂದು ಎಬ್ಬಿಸಬೇಕಾಯಿತು.

ಕೂಡ್ಲಿಗಿಗೆ ಬಂದು ಹೇಳಿದರೆ ವೀರಭದ್ರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರಿ ಸುಶೀಲಾಬಾಯಿ, ಫಸ್ಟ್ ಕ್ಲಾಸ್ ಹುಡುಗೀನ ಹತ್ತಿ ಗಿರಣಿಗೆ ಹಾಕ್ತೀರೇನು?" ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನಾಳೆ ಅವಳು ಕೆಟ್ಟರೆ ಹೊಣೆ ನಿಮ್ಮದು ಎಂದು ಎದ್ದು ಹೋದರು. ಮೇಲಧಿಕಾರಿಯ ಮಾತಿಗೆ ವಿರುದ್ಧ ನಿಂತದ್ದು ನನಗೆ ಅದೇ ಮೊದಲು.

ಬಾಷಾಸಾಬರು ತಾವೇ ನೋಡಬೇಕೆಂದು ಮಗಳನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಕೊಟ್ಟೂರಿನಲ್ಲಿ ಪುಟ್ಟಸ್ವಾಮಿಯವರಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಇದನ್ನು ಓದಿದರೆ ನನ್ನ ಮಗಳು ಏನಾಗುತ್ತಾಳೆ ಎಂದು.

"ಅದು ನಂಗೂ ಗೊತ್ತಿಲ್ಲ ಸಾಹೇಬ್ರೆ. ಗೊತ್ತು ಅಂದ್ರೆ ಸುಳ್ಳಾಗ್ತದೆ. ಇಲ್ಲಿರೋವಷ್ಟು ದಿನ ಇವಳನ್ನ ಸುಮ್ಕಿರು ಅಂತ ಮಾತ್ರ ಅನ್ನಲ್ಲ."

ಬಾಷಾಸಾಬರು ಎದ್ದು ಗಿರಣಿಯ ಮೂಲೆಗೆ ಹೋದರು. ಅಲ್ಲಿ ಗಿರಣಿಯ ಹಳೆಯ ಎಂಜಿನ್ನು ಧೂಳು ಹೊದ್ದು ನಿಂತಿತ್ತು. ಅದರ ಮುಚ್ಚಳ ತೆಗೆದು ನೋಡಿ, ಚಕ್ರ ತಿರುಗಿಸಿ, ಕೈ ಕಪ್ಪು ಮಾಡಿಕೊಂಡು ವಾಪಸು ಬಂದರು. ನಮಗೆ ಅವರ ಮನಸ್ಸು ತಿಳಿಯಲಿಲ್ಲ.

"ಎಂಜಿನ್ನು ಛಲೋ ಐತ್ರಿ. ಯಾಕೋ ಸುಮ್ಮನ ನಿಲ್ಲಿಸಿಬಿಟ್ಟಾರ" ಎಂದರು. ಪುಟ್ಟಸ್ವಾಮಿಯವರ ಕಡೆ ತಿರುಗಿ, "ಹೆಸರು ಹಚ್ಚಿ ಬಿಡ್ರಿ" ಎಂದರು. ಮೆಹರು ಅಪ್ಪನ ಕೈ ಹಿಡಿದುಕೊಂಡಳು. ಅವಳ ಕೈಯೂ ಕಪ್ಪಾಯಿತು.

ಇದಾದ ಮೂರನೆಯ ದಿನ ಹೊಸಪೇಟೆಯ ಸೋದರತ್ತೆ ಅಳುತ್ತ ಬಂದಿಳಿದರು. ಬಾಷಾಸಾಬ ಮಗಳನ್ನು ಹತ್ತಿ ಮಿಲ್ಲಿಗೆ ಕೂಲಿಗೆ ಕಳಿಸಿದ್ದಾನೆ ಎಂಬ ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ಗಂಡಿನ ಕಡೆಯವರು ಕೂಲಿಯವಳು ನಮಗೆ ಬೇಡವೆಂದು ಬೇರೆ ಕಡೆ ಮಾತಾಡಿಯೂ ಬಿಟ್ಟಿದ್ದರು. ಮಿಲ್ಲಿನಲ್ಲಿ ಹತ್ತಿಯಿಲ್ಲ, ಪಾಠ ನಡೆಯುತ್ತದೆ ಎಂದು ಆ ಹಿರಿಯರಿಗೆ ತಿಳಿಹೇಳುವಷ್ಟರಲ್ಲಿ ಸಾಕುಬೇಕಾಯಿತಂತೆ. ಸಂಬಂಧ ತಾನಾಗಿಯೇ ತಪ್ಪಿತೆಂದು ಒಳಗೆ ಮೆಹರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಎಲ್ಲ ಮುಗಿಯಿತು ಅಂದುಕೊಂಡೆ. ಕಾಲೇಜು ಶುರುವಾದ ವಾರಕ್ಕೆ ಪುಟ್ಟಸ್ವಾಮಿಯವರು ನಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದರು. ಐಚ್ಛಿಕ ಕನ್ನಡಕ್ಕೆ ಐದು ಜನರಾದರೂ ಇರಬೇಕಂತೆ, ಸೇರಿದ್ದವರು ಮೆಹರುವನ್ನೂ ಹಿಡಿದು ಮೂವರು. ಕಾಲೇಜಿನ ಕಾರ್ಯದರ್ಶಿ ಶೇಂಗಾ ಎಣ್ಣೆಯ ವ್ಯಾಪಾರಿ. ಒಳ್ಳೆಯವರು, ಆದರೆ ಗಿರಾಕಿಯಿಲ್ಲದ ಸರಕು ಇಟ್ಟುಕೊಳ್ಳುವವರಲ್ಲ. ತಿಂಗಳ ಕೊನೆಯೊಳಗೆ ಐದಾಗದಿದ್ದರೆ ಆ ವಿಷಯ ತೆಗೆದುಬಿಡುತ್ತೇವೆ, ಹುಡುಗರು ಅರ್ಥಶಾಸ್ತ್ರಕ್ಕೆ ಹೋಗಲಿ ಎಂದಿದ್ದರು. ವಿಷಯ ಹೋದರೆ ಪುಟ್ಟಸ್ವಾಮಿಯವರ ನೌಕರಿಯೂ ಹೋಗುತ್ತಿತ್ತು. ಅವರು ಅದನ್ನು ಹೇಳಲಿಲ್ಲ, ಹೇಳಿದವಳು ಮೆಹರು.

ಸರಿ, ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಪುಟ್ಟಸ್ವಾಮಿಯವರು, ಮೆಹರು, ನಾನು ಊರೂರು ಹೊರಟೆವು. ನಾಲ್ಕನೆಯವನು ಕೊಟ್ಟೂರಿನಲ್ಲೇ ಸಿಕ್ಕ. ಮದುವೆಯ ಲಗ್ನಪತ್ರಿಕೆಗಳಿಗೆ ಪದ್ಯ ಕಟ್ಟಿಕೊಡುತ್ತಿದ್ದ ಹುಡುಗ. ಪದ್ಯ ಕಟ್ಟುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆಂದು ತಿಳಿದು ಸೇರಿಬಿಟ್ಟ. ನಾವು ಅಲ್ಲವೆನ್ನಲಿಲ್ಲ. ಐದನೆಯವರಿಗಾಗಿ ಹಳ್ಳಿ ಹಳ್ಳಿ ತಿರುಗಿದೆವು. ಬೇಸಾಯ ಬಿಟ್ಟು ಬರುವವರಿಲ್ಲ, ಬರುವವರು ಪಾಸಾಗಿಲ್ಲ. ಕೊನೆಗೆ ಒಂದು ಭಾನುವಾರ ಉಜ್ಜಿನಿಗೆ ಹೋದೆವು.

ಗುಡಿಯ ಮುಂದೆ ಹಣ್ಣುಕಾಯಿ ಮಾರುವ ಗೌರಮ್ಮ ಎಂಬವರ ಅಂಗಡಿಯ ನೆರಳಿನಲ್ಲಿ ಸುಸ್ತಾಗಿ ಕೂತೆವು. ನನ್ನ ಕಾಲು ಬಾತುಕೊಂಡಿತ್ತು. ಪುಟ್ಟಸ್ವಾಮಿಯವರ ಮುಖದಲ್ಲಿ ಗೆಲುವಿರಲಿಲ್ಲ, ಊರಿಗೆ ಹೋಗಿ ಗದ್ದೆ ನೋಡಿಕೊಳ್ಳುತ್ತೇನೆ ಎಂದು ಆಗಲೇ ಎರಡು ಸಲ ಹೇಳಿದ್ದರು. ಮೆಹರು ರೊಟ್ಟಿಯ ಗಂಟು ಬಿಚ್ಚಿದಳು. ಒಳಗಿನಿಂದ ಉಳ್ಳಾಗಡ್ಡಿಯೊಂದು ಉರುಳಿ ಗೌರಮ್ಮನ ಕಾಯಿಯ ಬುಟ್ಟಿಗೆ ತಾಗಿ ನಿಂತಿತು.

"ದೇವ್ರ ಮುಂದ ಉಳ್ಳಾಗಡ್ಡಿ ತಂದೀಯಲ್ಲವ್ವ" ಎಂದು ಗೌರಮ್ಮ ಗದರಿದರು.

ಒಳಗಿನಿಂದ ಒಂದು ಎಳೆಯ ದನಿ, "ಅತ್ತೇರೆ, ಅದಕ್ಕೆ ಈರುಳ್ಳಿ ಅಂತಾರೆ" ಎಂದಿತು.

ಪುಟ್ಟಸ್ವಾಮಿಯವರು ನೆಟ್ಟಗೆ ಕೂತರು. ಮೆಹರು ರೊಟ್ಟಿ ಬಿಟ್ಟು ಎದ್ದಳು. ಒಳಗಿದ್ದದ್ದು ಗೌರಮ್ಮನ ಸೊಸೆ ರತ್ನಮ್ಮ, ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದು ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಗೌರಮ್ಮ ತಮ್ಮ ಕಷ್ಟವನ್ನೆಲ್ಲ ನಮ್ಮ ಮುಂದೆ ಹೇಳಿಕೊಂಡರು. ತಾನು ಒಂದು ಅಂದರೆ ಇವಳು ಒಂದು ಅನ್ನುತ್ತಾಳೆ, ಗಿರಾಕಿಗಳ ಮುಂದೆಯೇ ಮಾತು ತಿದ್ದುತ್ತಾಳೆ, ಬಂದ ಭಕ್ತರೆಲ್ಲ ನಗುತ್ತಾರೆ. ಪುಟ್ಟಸ್ವಾಮಿಯವರು ಬಹಳ ನಯವಾಗಿ, ಇಂಥ ಜಗಳಕ್ಕೇ ಒಂದು ಕಾಲೇಜಿದೆ ಎಂದರು. ಗೌರಮ್ಮ ನಮ್ಮನ್ನೆಲ್ಲ ಒಂದು ಸಲ ನೋಡಿದರು. ಸೊಸೆಯನ್ನು ನೋಡಿದರು. ರತ್ನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಕರಕೊಂಡು ಹೋಗ್ರಿ. ನನ್ನ ತಿದ್ದೋ ಬದ್ಲಿ ಅಲ್ಲಿ ಹೋಗಿ ಮಾಸ್ತರನ್ನ ತಿದ್ದಲಿ. ಅಮಾಸಿಗೆ ಮಾತ್ರ ಕಳಸಂಗಿಲ್ಲ, ಮಂದಿ ಭಾಳ ಬರ್ತಾರ."

ಮಗ ಒಪ್ಪುತ್ತಾನೋ ಎಂದು ನಾನು ಕೇಳಿದೆ. ಅವನನ್ನ ಯಾರು ಕೇಳ್ಯಾರ ಎಂದರು ಗೌರಮ್ಮ. ಹಾಗೆ ಐಚ್ಛಿಕ ಕನ್ನಡಕ್ಕೆ ಅಮಾವಾಸ್ಯೆಯ ರಜೆ ಬಂತು. ಪಿಯುಸಿ ಮುಗಿಸಿ ಡಿಗ್ರಿಗೆ ಹೋದಾಗಲೂ ಆ ರಜೆ ಮುಂದುವರಿಯಿತು.

ಆ ಐದು ಜನರ ತರಗತಿ ಸೀನು ತಪ್ಪಿಸಿಕೊಳ್ಳಲು ಹೊರಗೆ ಬೇವಿನ ಮರದ ಕೆಳಗೆ ನಡೆಯುತ್ತಿತ್ತು. ಭಾನುವಾರಗಳಲ್ಲಿ ಮೆಹರು, ರತ್ನಮ್ಮ ಇಬ್ಬರೂ ಹರಪನಹಳ್ಳಿ ದಾರಿಯ ಹಳ್ಳಿಗಳನ್ನು ಸುತ್ತುತ್ತಿದ್ದರು. ಮೆಹರು ಹುಡುಕುತ್ತಿದ್ದ ಊರು ಸಿಗಲೇ ಇಲ್ಲ. ಒಂದೇ ಮನೆಯಲ್ಲಿ ಅತ್ತೆ ಒಂದು ಹೆಸರು ಹೇಳಿದರೆ ಸೊಸೆ ಇನ್ನೊಂದು ಹೇಳುತ್ತಿದ್ದಳು. ಒಬ್ಬನೇ ರೈತ ಮನೆಯಲ್ಲಿ ಉಳ್ಳಾಗಡ್ಡಿ ಎಂದವನು ದಾವಣಗೆರೆಯ ಮಂಡಿಯಲ್ಲಿ ಈರುಳ್ಳಿ ಎನ್ನುತ್ತಿದ್ದ. ಹೆಸರು ಬದಲಾಗುವ ಗೆರೆ ಊರು ಊರಿನ ನಡುವೆ ಇಲ್ಲ, ಮನುಷ್ಯರ ಬಾಯೊಳಗೆ ಅತ್ತಿತ್ತ ಓಡಾಡುತ್ತದೆ ಎಂದು ಒಂದು ದಿನ ನಮ್ಮ ಮನೆಗೆ ಬಂದು ಹೇಳಿದಳು. ಹುಡುಕಿದ್ದು ಸಿಗದಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಅವಳಿಂದ ನನ್ನ ಕೆಲಸದ ಕ್ರಮವೂ ಬದಲಾಯಿತು. ಜಗಲಿಗೆ ಬಂದವರ ಅಂಕಪಟ್ಟಿಯನ್ನು ಮೊದಲು ನೋಡುವುದನ್ನು ಬಿಟ್ಟೆ. ಯಾರೂ ಹೇಳದೆ ನೀನಾಗಿ ಏನು ಮಾಡುತ್ತೀ ಎಂದು ಹುಡುಗಿಯನ್ನೇ ಕೇಳುತ್ತಿದ್ದೆ. ಹಡಗಲಿಯ ಕಡೆಯಿಂದ ಬಂದಿದ್ದ ಒಬ್ಬಳು ಗಡಿಯಾರ ಬಿಚ್ಚುತ್ತೇನೆ ಎಂದಳು, ಇನ್ನೊಬ್ಬಳು ನಿದ್ದೆ ಮಾಡುತ್ತೇನೆ ಎಂದಳು. ನಿದ್ದೆಯವಳಿಗೂ ಒಂದು ಕಾಲೇಜು ಹುಡುಕಿದೆ, ಅದು ಬೇರೆ ಮಾತು. ಯಾವ ಕಾಲೇಜಾದರೂ ಒಂದು ತರಗತಿಯಲ್ಲಿ ಹುಡುಗಿಯ ಜೊತೆ ಕೂತು ನೋಡದೆ ಯಾರಿಗೂ ಹೇಳುತ್ತಿರಲಿಲ್ಲ. ಹೊಸಬರಿಗೆ ನಾನು ಹೇಳುವುದಿದ್ದರೆ ಇದಿಷ್ಟೇ.

ವೀರಭದ್ರಪ್ಪನವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಎಲ್ಲೇ ಸಿಕ್ಕರೂ, "ಹತ್ತಿ ಗಿರಣಿ ಹೆಂಗ ನಡದೈತ್ರಿ?" ಎಂದು ಕೇಳುತ್ತಿದ್ದರು. ಬಿ.ಎ.ಯಲ್ಲಿ ಮೆಹರುವಿಗೆ ಒಳ್ಳೆಯ ಅಂಕ ಬಂದು, ಎಂ.ಎ.ಗೆ ಧಾರವಾಡದಲ್ಲಿ ಸೀಟು ಸಿಕ್ಕಿತೆಂದು ನಾನೇ ಹೋಗಿ ಹೇಳಿದೆ. ಅವರು ಹೂಂ ಎಂದು ಪೇಪರು ಓದುವುದನ್ನು ಮುಂದುವರಿಸಿದರು.

ಅವಳು ಹೊರಟ ದಿನ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ವಿಪರೀತ ಗದ್ದಲ. ಬಾಷಾಸಾಬರು ಟ್ರಂಕು ಹಿಡಿದಿದ್ದರು, ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದರು, ರತ್ನಮ್ಮ ಮಗುವನ್ನು ಎತ್ತಿಕೊಂಡು ಉಜ್ಜಿನಿಯಿಂದ ಬಂದಿದ್ದಳು. ಹುಬ್ಬಳ್ಳಿಯ ಬಸ್ಸು ತುಂಬಿಯೇ ಬಂತು. ಇಳಿಯುವವರಿಗಿಂತ ಮೊದಲೇ ಜನ ಹತ್ತಲು ನುಗ್ಗಿದರು, ನಮಗೆ ಬಾಗಿಲ ಹತ್ತಿರ ಹೋಗಲೂ ಆಗಲಿಲ್ಲ.

ಆಗ ಬಸ್ಸಿನ ಆಚೆ ಬದಿಯಲ್ಲಿ ವೀರಭದ್ರಪ್ಪನವರು ಕಂಡರು. ಅವರು ಬಂದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೆಗಲಿನ ಜರಿಯಂಚಿನ ಶಲ್ಯ ತೆಗೆದು, ಆ ವಯಸ್ಸಿನಲ್ಲಿ ತುದಿಗಾಲಲ್ಲಿ ನಿಂತು, ಕಿಟಕಿಯ ಮೂಲಕ ಆಗಷ್ಟೇ ಖಾಲಿಯಾದ ಸೀಟಿನ ಮೇಲೆ ಹಾಸಿದರು. ಇದು ಹಿಡಿದಾಗಿದೆ, ಯಾರೂ ಕೂಡಬ್ಯಾಡ್ರಿ ಎಂದು ಶಾಲೆಯ ದನಿಯಲ್ಲೇ ಹೇಳಿದರು. ಯಾರೂ ಕೂರಲಿಲ್ಲ. ಮೆಹರು ಹೇಗೋ ನುಸುಳಿ ಹೋಗಿ ಕಿಟಕಿಯ ಹತ್ತಿರ ಕೂತಳು. ಅಲ್ಲಿಂದಲೇ ಅವರಿಗೆ ಕೈ ಮುಗಿದಳು.

ಬಸ್ಸು ಹೊರಟಿತು. ಶಲ್ಯ ಅವಳ ಬಳಿಯೇ ಉಳಿದುಹೋಗಿತ್ತು. ನಾನು ಗಾಬರಿಯಾಗಿ ಬಸ್ಸು ನಿಲ್ಲಿಸಲು ಕೂಗಹೋದೆ. ವೀರಭದ್ರಪ್ಪನವರು ಬರಿ ಹೆಗಲಿನಲ್ಲಿ ನಿಂತು, ಬಸ್ಸು ಹೋದ ದಾರಿಯನ್ನೇ ನೋಡುತ್ತ ಕೈ ಅಡ್ಡ ಮಾಡಿದರು.

"ಇರಲಿ ಬಿಡ್ರಿ. ಧಾರವಾಡದಾಗ ಥಂಡಿ ಭಾಳ ಇರ್ತೈತಿ."